ಪರೀಕ್ಷಕರು ನೋಡಲಿ

ಉದ್ದನೆಯ ಬೆಂಚಿನ ಮೇಲೆ ಒಂದು ಕೀಬೋರ್ಡ್ ಇತ್ತು. ಎರಡು ಹೋಳು. ಒಡೆದದ್ದಲ್ಲ, ಹಾಗೆಂದೇ ಮಾಡಿದ್ದು. ಬಲಗೈಯ ಹೋಳು ದೊಡ್ಡದು. ಎಡಗೈಯದು ಅದರ ಅರ್ಧಕ್ಕಿಂತ ತುಸುವೇ ಹೆಚ್ಚು, ಏಕೆಂದರೆ ಅದರ ಹೊರ ಅಂಚಿನಲ್ಲಿ ಇರಬೇಕಾದ ಎರಡು ಸಾಲು ಕೀಗಳು ಅಲ್ಲಿರಲಿಲ್ಲ. ಎರಡನ್ನೂ ಸುರುಳಿಯಾದ ಕಪ್ಪು ವೈರೊಂದು ಹಿಡಿದುಕೊಂಡಿತ್ತು. ತಳದ ಹಲಗೆ ತೇಗದ್ದು, ವಾರ್ನಿಷ್ ಬಳಿದು, ಒರೆಸಿ, ಮತ್ತೆ ಬಳಿದದ್ದು. ಕೀಗಳೆಲ್ಲ ಬೂದುಬಿಳಿ; ಎಡ ಹೋಳಿನ ಕೆಳಗೆ ಹೆಬ್ಬೆರಳು ಬೀಳುವಲ್ಲಿ ಮಾತ್ರ ಅಗಲವಾದ ಒಂದು ನೀಲಿ ಕೀ. ಇಡಿಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಬಾಯಿ ಮಡಚಿ, ಮಡಿಕೆಯ ಮೇಲೆ ಅರಗಿನ ಮೊಹರು ಒತ್ತಿದ್ದರು. ಮೊಹರಿನ ಪಕ್ಕದ ಚೀಟಿಯಲ್ಲಿ ಕೆಂಪು ಶಾಯಿಯ ಅಂಕಿಗಳು. ಬೆಂಚಿನ ಉದ್ದಕ್ಕೂ ಬಣ್ಣ ಮಾಸದ ಹನ್ನೊಂದು ಚೌಕಗಳಿದ್ದವು. ಮೂವತ್ತು ವರ್ಷ ಹನ್ನೊಂದು ಟೈಪ್‌ರೈಟರುಗಳು ಕುಳಿತು ಎದ್ದುಹೋದ ಜಾಗ. ಚೀಲ ಕಿಟಕಿಯ ಕಡೆಯ ಕೊನೆಯ ಚೌಕದೊಳಗೆ ಬಿದ್ದಿತ್ತು. ಅದನ್ನು ತುಂಬುವಷ್ಟು ದೊಡ್ಡದಾಗಿರಲಿಲ್ಲ.

ರಾಜರತ್ನ ಮಾಸ್ತರರು ಬೆಳಗಿನಿಂದ ಅದರ ಎದುರು ಕುಳಿತಿದ್ದರು. ಕೆಳಗೆ ಜಹೀರಾಬಾದಿನ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಪ್ರತಿಯೊಂದು ಹೋದಾಗಲೂ ಗೊಬ್ಬರದ ಅಂಗಡಿಯ ಮೇಲಿನ ಈ ಮಾಳಿಗೆ ಕೋಣೆಯ ಗಾಜು ಸಣ್ಣಗೆ ನಡುಗುತ್ತಿತ್ತು. ರಾಯಿಕೋಡಿನ ಕೇರಿಯಿಂದ ಬರಿಗಾಲಲ್ಲಿ ಬಂದು ಟೈಪಿಂಗ್ ಕಲಿತು, ಈ ಇನ್‌ಸ್ಟಿಟ್ಯೂಟ್ ತೆರೆದು, ತಮ್ಮ ಕೇರಿಯಂಥ ಎಷ್ಟೋ ಕೇರಿಗಳ ಮಕ್ಕಳನ್ನು ಕಚೇರಿಯ ಕುರ್ಚಿಗಳಿಗೆ ಏರಿಸಿದವರು ಅವರು. ಯಂತ್ರಗಳನ್ನು ಮೋಡಕಾದವನು ಹಳೆ ಕಬ್ಬಿಣದ ಬೆಲೆಗೆ ಒಯ್ದು ಒಂಬತ್ತು ವರ್ಷವಾಗಿತ್ತು. ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು, ಸದ್ದು ಕೆಳಗಿನ ಅಂಗಡಿಗೆ ಇಳಿಯಬಾರದೆಂದು ಬಾಗಿಲಿಗೆ ಹಾಕಿಸಿದ್ದ, ಅದನ್ನು ಮೆಲ್ಲಗೆ ಮುಚ್ಚುವ ಒಂದು ಸ್ಪ್ರಿಂಗ್, ಇಷ್ಟು ಉಳಿದಿದ್ದವು.

ಮೊಹರನ್ನು ಅವರು ಮುಟ್ಟಿರಲಿಲ್ಲ. ಅದರೊಳಗೆ ಏನಿದೆಯೆಂಬುದು ಅವರಿಗೆ ಗೊತ್ತಿತ್ತು.

ಕೀಬೋರ್ಡ್ ಅವರ ತಂಗಿ ಬಾಲಮಣಿಯ ಮಗಳು ಶಿಲ್ಪಾರಾಣಿಯದು. ಮನೂರಿನ ಹುಡುಗಿ. ಹತ್ತೊಂಬತ್ತು ತುಂಬುವ ಮೊದಲೇ ಇದೇ ಬೆಂಚಿನ ಮೇಲೆ ಇಂಗ್ಲಿಷ್ ಟೈಪಿಂಗಿನ ಲೋವರ್ ಪರೀಕ್ಷೆ ಪಾಸು ಮಾಡಿದ್ದಳು. ಅವಳಂಥ ಕೈ ತಾವು ನೋಡಿಲ್ಲವೆಂದು ಮಾಸ್ತರರು ಅವಳೆದುರಿಗೆ ಒಮ್ಮೆಯೂ ಹೇಳಿರಲಿಲ್ಲ, ಉಳಿದವರೆದುರಿಗೆಲ್ಲ ಹೇಳಿದ್ದರು. ಆ ಬೇಸಿಗೆಯಲ್ಲಿ ಜೋಳದ ಕಣಿಕೆ ಕತ್ತರಿಸುವ ಯಂತ್ರ ಅವಳ ಎಡಗೈಯ ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಬುಡದಿಂದ ಒಯ್ಯಿತು. ಹನ್ನೆರಡು ವರ್ಷ ಅವಳು ನಾರಾಯಣಖೇಡದ ಝೆರಾಕ್ಸ್ ಅಂಗಡಿಯೊಂದರಲ್ಲಿ ಇನ್ನೊಬ್ಬರ ಅರ್ಜಿಗಳನ್ನು ಒಂದೊಂದೇ ಬೆರಳಿನಿಂದ ಕುಟ್ಟುತ್ತ ಕಳೆದಳು. ಹೋದ ವರ್ಷ ಒಂದು ಇಲಾಖೆ ಟೈಪಿಸ್ಟರನ್ನು ಕರೆಯಿತು. ಅಂಗವಿಕಲರು ತಮಗೆ ಹೊಂದುವ ಕೀಬೋರ್ಡನ್ನು ತಾವೇ ತರಬಹುದೆಂಬ ಒಂದು ಸಾಲು ಅದರ ಕೊನೆಯ ಪುಟದಲ್ಲಿತ್ತು. ಆ ಸಾಲನ್ನು ಕಂಡುಹಿಡಿದವಳು ಅವಳೇ. ಅರ್ಜಿ ಹಾಕಿ ಅನುಮತಿ ಪತ್ರವನ್ನೂ ತರಿಸಿಕೊಂಡಳು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುವ ಬಸವಕಿರಣನನ್ನು, ಅಂಥ ಕೀಬೋರ್ಡ್ ಮಾಡಿಕೊಡಲು ಒಪ್ಪಿಸಿ, ಕರೆದುಕೊಂಡು ಈ ಮೆಟ್ಟಿಲು ಹತ್ತಿದಳು.

ಆ ದಿನ ಬಸವಕಿರಣ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಿದ್ದ. ಮೂವತ್ತೆಂಟರ ಗಂಡಸು, ನೆತ್ತಿಯ ಕೂದಲು ಆಗಲೇ ತೆಳುವಾಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಅವನು ಇಲ್ಲಿಯ ವಿದ್ಯಾರ್ಥಿಯಾಗಿದ್ದ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಏಳನೆಯ ನಂಬರಿನ ಯಂತ್ರದ ಹೊಟ್ಟೆ ಬಿಚ್ಚಿ, ಅದು ಹೇಗೆ ನಡೆಯುತ್ತದೆಂದು ನೋಡುತ್ತಿದ್ದವನನ್ನು ಮಾಸ್ತರರು ಹಿಡಿದರು. ಗೆಣ್ಣಿನ ಮೇಲೆ ರೂಳು ದೊಣ್ಣೆಯಿಂದ ಹೊಡೆದು, ಸಂಜೆಯ ತರಗತಿಯಲ್ಲಿ ಉಳಿದ ಹತ್ತು ಮಂದಿ ನೋಡುತ್ತಿರುವಾಗಲೇ ಹೊರಗೆ ಹಾಕಿದ್ದರು.

"ಕುಂಡ್ರು," ಎಂದರು ಮಾಸ್ತರರು.

"ಇರ್ಲಿ ಸರ, ನಿಂತೇ ಹೇಳ್ತೀನಿ. ಬೋರ್ಡು, ಸ್ವಿಚ್ಚು ಕೂಡಿಸೋದು ದೊಡ್ಡ ಮಾತಲ್ಲ. ಬೋರ್ಡಿಗಿ ಬುದ್ಧಿ ತುಂಬಬೇಕು. ಅದಕ್ಕ ಫರ್ಮ್‌ವೇರ್ ಅಂತಾರ್ರಿ. ಯಾವ ಬೆರಳ ಎಲ್ಲಿ ಬಿದ್ರ ಯಾವ ಅಕ್ಷರ ಹೋಗಬೇಕು ಅಂಬೋದು ಅದು ಹೇಳ್ತದ."

"ನಮ್ಮ ಮಷೀನಿಗಿ ಇದರ ಗರಜ್ ಇದ್ದಿಲ್ಲ."

"ನಿಮ್ಮ ಮಷೀನಿಗಿ ಹತ್ತು ಬೆರಳಿನ ಗರಜ್ ಇತ್ತಲ್ರಿ ಮಾಮಾ," ಎಂದು ಶಿಲ್ಪಾರಾಣಿ ನಕ್ಕಳು.

ಮಾಸ್ತರರು ಫೂಲ್‌ಸ್ಕೇಪ್ ಹಾಳೆಯೊಂದನ್ನು ತೆಗೆದು ಸ್ಕೇಲಿಟ್ಟು ಮೂರು ಪಟ್ಟಿ ಎಳೆದರು. ಯಾವುದನ್ನೇ ಆಗಲಿ ಪಟ್ಟಿ ಎಳೆಯದೆ ಅವರು ಆಯ್ದವರಲ್ಲ. ಬಸವಕಿರಣ ಹೇಳಿದ ಮೂರು ಹೆಸರು, ಕ್ಯೂಎಂಕೆ, ಝಡ್‌ಎಂಕೆ, ಕೆಎಂಕೆ, ಒಂದೇ ಮನೆಯ ಅಣ್ಣತಮ್ಮಂದಿರ ಹೆಸರಿನಂತೆ ಪಟ್ಟಿಯ ನೆತ್ತಿಯಲ್ಲಿ ಕುಳಿತವು.

"ಮೊದಲಿಂದು ಹಳೇದು, ಗಟ್ಟಿ. ದುನಿಯಾದಾಗ ಹೆಚ್ಚು ಮಂದಿ ಹಾಕೋದು ಇದೇ. ಒಮ್ಮೆ ಚಿಪ್ಪಿನಾಗ ಇಳಿಸಿದ್ರ ಮುಗೀತು, ಯಾವ ಕಂಪ್ಯೂಟರಿಗಿ ಚುಚ್ಚಿದ್ರೂ ಸಾದಾ ಕೀಬೋರ್ಡ್ ಅಂತೇ ತಿಳ್ಕೊಂತದ. ಸಣ್ಣಪುಟ್ಟ ಬದಲ ನೀವೇ ಮಾಡ್ಕೋಬಹುದು. ದೊಡ್ಡದೇನಾರ ಇದ್ರ ನನ್ನ ಲ್ಯಾಪ್‌ಟಾಪಿನಾಗ ಮತ್ತ ಕಟ್ಟಿ ಇಳಿಸಬೇಕು."

"ಅಂದ್ರ ನಿನ್ನ ಅಂಗಡಿಗಿ ಬರಬೇಕು."

"ಬರ್ರಿ ಸರ. ಚಾ ಕುಡಿಸ್ತೀನಿ."

ಮಾಸ್ತರರು ನಗಲಿಲ್ಲ. ಮೊದಲ ಪಟ್ಟಿಯಲ್ಲಿ ಏನನ್ನೋ ಬರೆದರು.

"ಎರಡನೇದರ ಖೂಬಿ ಅಂದ್ರ ವೈರ್ ಬ್ಯಾಡ. ಬ್ಲೂಟೂತ್ ಮ್ಯಾಲ ನಡೀತದ."

"ಪರೀಕ್ಷಾದಾಗ ಬ್ಲೂಟೂತ್ ಅಂದ್ರ ನನಗ ಸೀದಾ ಠಾಣೆಕ್ಕ ಒಯ್ತಾರಷ್ಟೇ," ಎಂದಳು ಶಿಲ್ಪಾರಾಣಿ. ಎರಡನೆಯ ಪಟ್ಟಿಗೆ ಅಡ್ಡಗೆರೆ ಬಿತ್ತು.

"ಮೂರನೇದ್ರಾಗ ಎಲ್ಲಾ ಸಾದಾ ಬರಹದ ಫೈಲುಗಳ್ರಿ. ಚುಚ್ಚಿದ್ರ ಪೆನ್‌ಡ್ರೈವ್ ಹಂಗ ತೆರಕೊಂತದ. ಫೈಲ್ ತೆಗದು, ಓದಿ, ತಿದ್ದಿ, ಸೇವ್ ಮಾಡಿದ್ರ ಆತು. ಯಾರ್ ಬೇಕಾದ್ರೂ ಓದಬಹುದು, ಯಾರ್ ಬೇಕಾದ್ರೂ ತಿದ್ದಬಹುದು. ಅದರಾಗ ಛಲೋದೂ ಅದೇ, ಖರಾಬೂ ಅದೇ. ಪರೀಕ್ಷಾ ಸಲುವಾಗಿ ಅಂದ್ರ ಮೊದಲಿಂದು ಹಾಕೋಣ್ರಿ ಸರ. ನನ್ನ ಮಾತ ಕೇಳ್ರಿ."

ಮಾಸ್ತರರು ಪೆನ್ನಿನ ಮುಚ್ಚಳ ಹಾಕಿದರು. ಪ್ರತಿ ಸಲ ಒಂದು ಬೆರಳಿನ ಜಾಗ ಬದಲಿಸಬೇಕಾದಾಗ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವುದು, ಈ ಮನುಷ್ಯನ ಗಾಜಿನ ಕೌಂಟರಿನ ಹೊರಗೆ ಗಿರಾಕಿಗಳ ಸಾಲಿನಲ್ಲಿ ನಿಲ್ಲುವುದು, ಅವನು ತಲೆಯೆತ್ತಿ ಬರ್ರಿ ಸರ ಎನ್ನುವುದು, ಇದೆಲ್ಲ ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಮೂರನೇದು," ಎಂದರು. "ನನಗ ಓದಾಕ ಬರಲಾರದ ಮಷೀನಿನ ಮ್ಯಾಲ ನಾ ಪಾಠ ಹೇಳಂಗಿಲ್ಲ."

ಬಸವಕಿರಣ ಶಿಲ್ಪಾರಾಣಿಯ ಕಡೆ ನೋಡಿದ. ಅವಳು ಮಾಮನ ಕಡೆ ನೋಡಿದಳು. ಅಲ್ಲಿಗೆ ಅದು ತೀರ್ಮಾನವಾಯಿತು.

ಇಪ್ಪತ್ತು ದಿನದಲ್ಲಿ ಅವನು ಕೀಬೋರ್ಡ್ ತಂದುಕೊಟ್ಟ. ತಳಕ್ಕೆ ತೇಗದ ಹಲಗೆ ಹಾಕಿದ್ದ, ಕೂಲಿ ಕೇಳಲಿಲ್ಲ. ಕಂಪ್ಯೂಟರಿಗೆ ಜೋಡಿಸಿ ಮಾಸ್ತರರಿಗೆ ಒಂದು ಫೈಲು ತೋರಿಸಿದ. "ವೈರ್ ಚುಚ್ಚಿದ ಕೂಡ್ಲೇ ಮೊದಲ ಓಡೋದು ಇದು. ಇದ್ರಾಗ ಒಂದು ಸಾಲು ಹಾಕೀನಿ. ಈ ಸಾಲು ಇರೋತನಕ ಪೆನ್‌ಡ್ರೈವ್ ಹಂಗ ಕಾಣಂಗಿಲ್ಲ, ಬರೇ ಕೀಬೋರ್ಡ್ ಅಂತ ಕಾಣ್ತದ. ತಿದ್ದಬೇಕಾದ್ರ ಈ ಮೂಲಿ ಕೀ ಒತ್ತಿ ಹಿಡಕೊಂಡು ಚುಚ್ಚ್ರಿ, ತೆರಕೊಂತದ. ಈ ಸಾಲ ಮಾತ್ರ ಮುಟ್ಟಬ್ಯಾಡ್ರಿ ಸರ."

ಆಮೇಲಿನ ಮೂರು ತಿಂಗಳು ಮಾಸ್ತರರ ಬಾಳಿನಲ್ಲಿ ಮತ್ತೆ ಬರಲಾರದೆಂದುಕೊಂಡಿದ್ದ ತಿಂಗಳುಗಳು. ನೀಲಿ ಕೀಯನ್ನು ತಟ್ಟಿ ಬಿಟ್ಟರೆ ಎ ಅಕ್ಷರ; ಒತ್ತಿ ಹಿಡಿದರೆ ಎಡಗೈಯ ಉಳಿದೆರಡು ಬೆರಳುಗಳ ಕೆಳಗೆ, ಹೋದ ಬೆರಳುಗಳ ಪಾಲಿನ ಅಕ್ಷರಗಳು ಬಂದು ನಿಲ್ಲುತ್ತಿದ್ದವು. ತಟ್ಟುವುದಕ್ಕೂ ಹಿಡಿಯುವುದಕ್ಕೂ ನಡುವಿನ ಗೆರೆ ಒಂದು ಸೆಕೆಂಡಿನ ಐದರಲ್ಲೊಂದು ಪಾಲು. ಆ ಪಾಲನ್ನು ಮಾಸ್ತರರು ದಿನದಿನವೂ ತಾವೇ ಫೈಲು ತೆಗೆದು ತಿದ್ದಿದರು, ಕೂದಲೆಳೆಯಷ್ಟು ಹೆಚ್ಚಿಸಿ, ಕೂದಲೆಳೆಯಷ್ಟು ಇಳಿಸಿ, ಅವಳ ಹೆಬ್ಬೆರಳಿನ ಸ್ವಭಾವ ತಮಗೆ ಬಾಯಿಪಾಠವಾಗುವವರೆಗೆ. ಟೈಪ್‌ರೈಟರಿನ ಮುಚ್ಚಳದೊಳಗೆ ಪಾಠದ ಪುಸ್ತಕ ಸಿಕ್ಕಿಸಿಡುವ ತಮ್ಮ ಹಳೆಯ ರೂಢಿಯಂತೆ, ಕೀಬೋರ್ಡಿನೊಳಗಿನ ಖಾಲಿ ಜಾಗದಲ್ಲಿ ಅಭ್ಯಾಸಕ್ಕೆಂದು ಮೂವತ್ತೆರಡು ಇಂಗ್ಲಿಷ್ ಪಾಠಗಳನ್ನು ತುಂಬಿಟ್ಟರು. ಫೆಬ್ರವರಿಯ ಹೊತ್ತಿಗೆ ಅವಳ ವೇಗ ನಿಮಿಷಕ್ಕೆ ನಲವತ್ತೊಂದು ಶಬ್ದ ಮುಟ್ಟಿತು. ಬೇಕಾಗಿದ್ದದ್ದು ಮೂವತ್ತೈದು. ಎಡಗೈಯನ್ನು ಸೆರಗಿನೊಳಗೆ ಮರೆಮಾಡುವುದನ್ನು ಅವಳು ಈ ಕೋಣೆಯಲ್ಲಿ ಮರೆತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ಅವಳು ಹಾಲ್ ಟಿಕೆಟ್ಟಿಗೆ ಲ್ಯಾಮಿನೇಷನ್ ಮಾಡಿಸಲು ಕೆಳಗೆ ಹೋಗಿದ್ದಾಗ ಮಾಸ್ತರರು ಒಬ್ಬರೇ ಕೀಬೋರ್ಡನ್ನು ಒರೆಸುತ್ತ ಕುಳಿತಿದ್ದರು. ಅವರಿಗೆ ಹಳೆಯ ಪರೀಕ್ಷೆಗಳು ನೆನಪಾದವು. ಆಗ ಅಭ್ಯರ್ಥಿಗಳು ತಮ್ಮ ತಮ್ಮ ಯಂತ್ರಗಳನ್ನು ಹೆಗಲ ಮೇಲೆ, ರಿಕ್ಷಾದಲ್ಲಿ, ಬಸ್ಸಿನ ಚಾವಣಿಯ ಮೇಲೆ ಪರೀಕ್ಷಾ ಕೇಂದ್ರಕ್ಕೆ ಒಯ್ಯುತ್ತಿದ್ದರು. ಗಂಟೆ ಹೊಡೆಯುವ ಮೊದಲು ಪರೀಕ್ಷಕರು ಸಾಲಿನುದ್ದಕ್ಕೂ ನಡೆದು ಬರುತ್ತಿದ್ದರು. ಪ್ರತಿಯೊಬ್ಬನೂ ಮುಚ್ಚಳ ತೆಗೆದು ನಿಲ್ಲಬೇಕು. ಅವರು ಬಗ್ಗಿ ಉರುಳೆಯ ಕೆಳಗೆ ಇಣುಕಿ, ಒಂದು ಕೀ ಒತ್ತಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ರಾಜರತ್ನ ಮಾಸ್ತರರ ಯಂತ್ರಗಳ ಮುಂದೆ ಅವರು ಒಂದು ಕ್ಷಣ ಹೆಚ್ಚು ನಿಂತು, ಯಾರ ಮಷೀನು ಎಂದು ಕೇಳಿದ ದಿನಗಳಿದ್ದವು. ತೆರೆದಿಟ್ಟ ಯಂತ್ರದ ಮುಂದೆ ಕೇರಿಯ ಹುಡುಗನೂ ತಲೆಯೆತ್ತಿ ನಿಲ್ಲುತ್ತಿದ್ದ. ಈ ಕೀಬೋರ್ಡ್ ಮಾತ್ರ ತನ್ನೊಳಗಿನದನ್ನು ಮುಚ್ಚಿಕೊಂಡು ಹೋಗಬೇಕೆ?

ಅವರು ಬಸವಕಿರಣನಿಗೆ ಫೋನು ಮಾಡಿದರು.

"ಕಿರಣ, ಆ ಸಾಲ ತೆಗೀಬೇಕಂತೀನಿ."

"ಯಾಕ್ರಿ ಸರ?"

"ನಾಳಿ ಅವರು ಒಳಗೇನದ ಅಂತ ಕೇಳಿದ್ರ? ಮುಚ್ಚಿದ್ದು ಅವರಿಗೇ ಗೊತ್ತಾದ್ರ ಕಳವು ಅಂತಾರ. ತೆರದಿಟ್ರ ನೋಡ್ತಾರ, ಬಿಡ್ತಾರ."

"ಸರ, ಈಗಿನವರು ಮುಚ್ಚಳ ಎತ್ತಿ ನೋಡೋ ಮಂದಿ ಅಲ್ರಿ. ಪರದಾ ಮ್ಯಾಲ ಡ್ರೈವ್ ಅಂತ ಬಂದ್ರ ಖತಂ. ಕೈ ಮುಗೀತೀನಿ, ಮುಟ್ಟಬ್ಯಾಡ್ರಿ."

"ಮಷೀನಿನ ಮಾತ ನೀ ನನಗ ಹೇಳಬ್ಯಾಡ," ಎಂದು ಮಾಸ್ತರರು ಫೋನು ಇಟ್ಟರು.

ಸಾಲನ್ನು ಅಳಿಸಲಿಲ್ಲ. ಅದರ ಆರಂಭದಲ್ಲಿ ಒಂದು ಚಿಹ್ನೆ ಇಟ್ಟರೆ ಸಾಲು ಕೆಲಸ ಮಾಡದೆ ಮಲಗುತ್ತದೆಂದು ಅವರು ಈ ಮೂರು ತಿಂಗಳಲ್ಲಿ ಕಲಿತಿದ್ದರು. ಚಿಹ್ನೆ ಇಟ್ಟು, ಅದರ ಮೇಲೆ ಕನ್ನಡದಲ್ಲಿ, ಪರೀಕ್ಷಕರು ನೋಡಲಿ, ಮುಚ್ಚುವುದು ಬೇಡ ಎಂದು ಹೊಡೆದರು. ಆಮೇಲೆ ಫೈಲಿನ ಎಡಗಡೆಯ ಕೆಳಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರವನ್ನೂ ತಾರೀಖನ್ನೂ ಹಾಕಿದರು. ಯಾವ ಪುಟವೇ ಆಗಲಿ, ಹೊಡೆದವನ ಗುರುತಿಲ್ಲದೆ ಅದು ಮುಗಿಯುವುದಿಲ್ಲವೆಂದು ಅವರೇ ಪಾಠ ಹೇಳಿದ್ದರು. ಬೆರಳುಗಳು ಅದನ್ನು ತಾವಾಗಿಯೇ ಮಾಡಿದವು. ಶಿಲ್ಪಾರಾಣಿ ಮೆಟ್ಟಿಲು ಹತ್ತಿ ಬಂದಾಗ ಅವರು ವೈರನ್ನು ಸುತ್ತಿಡುತ್ತಿದ್ದರು.

ಮರುದಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಬೇವಿನ ಕೆಳಗೆ ಅವರು ಪೂರ್ತಿ ಒಂದು ತಾಸು ಕಾಯುವ ಸಿದ್ಧತೆಯಲ್ಲಿ ಪೇಪರು ಹಾಸಿ ಕುಳಿತರು. ಹನ್ನೊಂದೇ ನಿಮಿಷಕ್ಕೆ ಅವಳು ಹೊರಗೆ ಬಂದಳು. ನಡೆದದ್ದನ್ನು ಬಸ್ಸಿನಲ್ಲಿ ಹೇಳಿದಳು. ವೈರು ಚುಚ್ಚಿದ ಕೂಡಲೆ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಮೇಲ್ವಿಚಾರಕ ಬಂದು ಅದರೊಳಗೆ ನೋಡಿದ, ಮೂವತ್ತೆರಡು ಪಾಠಗಳು. ಕೀಬೋರ್ಡಿನ ಹೊಟ್ಟೆಯಲ್ಲಿ ಪೆನ್‌ಡ್ರೈವ್ ಬಚ್ಚಿಟ್ಟು ತಂದಿದ್ದಾಳೆಂದು ತೆಲುಗಿನಲ್ಲಿ ಕೂಗಿ ಇನ್ನಿಬ್ಬರನ್ನು ಕರೆದ. ಅವಳು ಎಡಗೈ ಎತ್ತಿ ತೋರಿಸಿದಳು, ಅನುಮತಿ ಪತ್ರ ತೋರಿಸಿದಳು. ಎರಡು ಬೆರಳಿಲ್ಲದೆಯೇ ಇಷ್ಟು, ಇದ್ದಿದ್ದರೆ ಇನ್ನೆಷ್ಟೋ ಎಂದು ಅವರಲ್ಲೊಬ್ಬ ನಕ್ಕ. ಮೂರು ವರ್ಷ ಯಾವ ಪರೀಕ್ಷೆಗೂ ಕೂರುವಂತಿಲ್ಲ. ಕೀಬೋರ್ಡನ್ನು ಚೀಲಕ್ಕೆ ಹಾಕಿ, ಮೊಹರು ಒತ್ತಿ, ಕೇಳಿದಾಗ ತರಬೇಕೆಂದು ಅವಳ ಕೈಗೇ ಕೊಟ್ಟಿದ್ದರು.

"ಕಾಣಂಗಿಲ್ಲ ಅಂದಿದ್ದ, ಮಾಮಾ, ಆ ಕಿರಣ. ಕಾಣಂಗಿಲ್ಲ ಅಂತ ನನ್ನ ಎದುರಿಗೇ ಹೇಳಿದ್ದ."

ಸದಾಶಿವಪೇಟೆ ಬಂತು, ಹೋಯಿತು. ಮಾಸ್ತರರು ಎರಡು ಸಲ ಬಾಯಿ ತೆರೆದರು. ಒಮ್ಮೆ ಕಂಡಕ್ಟರ್ ಬಂದ. ಇನ್ನೊಮ್ಮೆ ಯಾರೂ ಬರಲಿಲ್ಲ.

ಅದಾಗಿ ಎರಡು ದಿನ. ಈಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಶಿಲ್ಪಾರಾಣಿ ಬಾಗಿಲು ತಳ್ಳಿ ಒಳಗೆ ಬಂದಳು. ಮುಖ ಬಿಸಿಲಿಗೆ ಕೆಂಪೇರಿತ್ತು, ಎಡಗೈ ಸೆರಗಿನೊಳಗಿತ್ತು.

"ಉಂಡೀರೇನ್ರಿ ಮಾಮಾ?"

"ಆತು. ನೀ?"

"ನಂದೂ ಆತು. ಅವನ ಅಂಗಡಿಗಿ ಹೋಗಿ ಬಂದೆ." ಅವಳು ಬೆಂಚಿನ ತುದಿಯಲ್ಲಿ ಕುಳಿತಳು. "ಬಾಯಿಗಿ ಬಂದಂಗ ಬೈದೆ. ಸ್ಕ್ರೂದ ಡಬ್ಬಿ ತಗೊಂಡು ರಸ್ತಾದಾಗ ಚೆಲ್ಲಿದೆ. ಆಟೋದವ್ರು, ಕಬ್ಬಿನ ರಸದವ, ಎಲ್ಲಾರೂ ನಿಂತು ನೋಡ್ಲತ್ತಿದ್ರು."

"ಅವ ಏನಂದ?"

"ತಪ್ಪಾತು ತಂಗಿ ಅಂದ. ಅಷ್ಟೇ. ಕುಂತು ಒಂದೊಂದೇ ಆರಿಸ್ಲತ್ತಿದ್ದ. ನನಗ ಇನ್ನಷ್ಟು ಸಿಟ್ಟು ಬಂತು. ನಮ್ಮ ಮಾಮಾ ಅವತ್ತ ನಿನಗ ಹೊರಗ ಹಾಕಿದ್ದು ಬರಾಬರ್ ಅದ ಅಂದೆ."

"ಹಂಗ ಅನಬಾರದಿತ್ತು."

"ಯಾಕ ಅನಬಾರದು?"

ಕೆಳಗೆ ಟ್ರ್ಯಾಕ್ಟರು ಹೋಯಿತು. ಗಾಜು ನಡುಗಿ ಸುಮ್ಮನಾಗುವವರೆಗೆ ಮಾಸ್ತರರು ಕಿಟಕಿಯ ಕಡೆ ನೋಡಿದರು.

"ವಕೀಲರಿಗಿ ಕಂಡಿದ್ದೆ," ಎಂದಳು ಅವಳು, ಚೀಲವನ್ನು ತನ್ನ ಕಡೆ ಎಳೆದುಕೊಳ್ಳುತ್ತ. "ಮಾಡಿದವನ ತಪ್ಪು ಅಂತ ಸಾಬೀತಾದ್ರ ನನ್ನ ಮ್ಯಾಲಿನ ಮೂರು ವರ್ಷದ ಬಂದಿ ತೆಗೆಸಬಹುದಂತ. ಒಳಗಿನ ಫೈಲಿಂದು ಒಂದು ಪ್ರಿಂಟ್ ಬೇಕಂತ."

"ಮೊಹರು ಒಡೀಬ್ಯಾಡ. ಕಾನೂನಿನ ಮಾತು."

"ಫೋಟೋ ಹೊಡಕೊಂಡು ಒಡಿ ಅಂದಾರ್ರಿ ಅವರೇ."

ಅವಳು ಮೊಬೈಲಿನಲ್ಲಿ ಮೊಹರಿನ ಫೋಟೋ ತೆಗೆದಳು. ಹೆಬ್ಬೆರಳಿನಿಂದ ಒತ್ತಿದಾಗ ಅರಗು ಸಣ್ಣ ಸದ್ದು ಮಾಡಿ ಒಡೆಯಿತು. ವೈರನ್ನು ಕಂಪ್ಯೂಟರಿಗೆ ಚುಚ್ಚಿದಳು. ಮೂಲೆಯ ಕೀ ಒತ್ತಿ ಹಿಡಿಯಲಿಲ್ಲ. ಆದರೂ ಪರದೆಯ ಮೇಲೆ ಕಿಟಕಿ ತೆರೆದುಕೊಂಡಿತು. "ನೋಡ್ರಿ, ಹ್ಯಾಂಗ ತೆರಕೊಂತದ," ಎಂದಳು. "ಕೆಎಂಕೆನೇ ಆಗಬೇಕು ಅಂದ್ರಲ್ಲ ನೀವು, ಛಲೋ ಆತು. ಬ್ಯಾರೇದಾಗಿದ್ರ ಯಾರಿಗಿ ಓದಾಕ ಬರ್ತಿತ್ತು?"

ಅವಳು ಮೊದಲ ಫೈಲನ್ನು ತೆರೆದಳು.

ಮಾಸ್ತರರು ಪರದೆಯನ್ನು ನೋಡಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. ಬೆಂಚಿನ ಮೇಲಿದ್ದ ಅವಳ ಎಡಗೈ ನೋಡಿದರು. ಮೂರು ತಿಂಗಳು ಆ ಹೆಬ್ಬೆರಳು ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ಏಳುತ್ತದೆ ಎಂಬುದನ್ನು ಅವರು ಅಳೆದಿದ್ದರು. ಈಗ ಅದು ನೀಲಿ ಕೀಯ ಮೇಲೆ ಕುಳಿತು ಏಳಲೇ ಇಲ್ಲ.

ಬಹಳ ಹೊತ್ತಿನ ಮೇಲೆ ಪ್ರಿಂಟರು ಕೆಮ್ಮಿ ಒಂದು ಹಾಳೆ ಹೊರಗೆ ಹಾಕಿತು. ಶಿಲ್ಪಾರಾಣಿ ಅದನ್ನು ತೆಗೆದು ಬೆಳಕಿಗೆ ಹಿಡಿದಳು. ಎಡಗಡೆಯ ಕೆಳಮೂಲೆಯನ್ನು, ಹಾಳೆ ಮುಗಿಸಿದ ವಿದ್ಯಾರ್ಥಿ ತಿರುಗಿ ನೋಡುವಂತೆ, ನೋಡಿದಳು.

"ಅವನಿಗಿ ಗೊತ್ತಿತ್ತಾ?"

"ಫೋನ್ ಮಾಡಿದ್ದೆ. ಬ್ಯಾಡ ಅಂದಿದ್ದ."

"ಬಸ್ಸಿನಾಗ ಯಾಕ ಹೇಳಲಿಲ್ಲ?"

ಅದರ ಉತ್ತರವನ್ನು ಮಾಸ್ತರರು ಇಪ್ಪತ್ತೆರಡು ವರ್ಷದ ಹಿಂದಿನ ರೂಳು ದೊಣ್ಣೆಯಿಂದ ಶುರು ಮಾಡಬೇಕಾಗುತ್ತಿತ್ತು.

"ಇದು ವಕೀಲರಿಗಿ ಕೊಡ್ಲಾ?"

"ಕೊಡು," ಎಂದರು. "ನಾನೇ ಮಾಡಿದ್ದು ಅಂತ ಬರದು ಸಹಿ ಹಾಕಿ ಕೊಡ್ತೀನಿ."

"ಬ್ಯಾಡ್ರಿ. ಅದ್ರಾಗ ಅದ ನಿಮ್ಮ ಸಹಿ."

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ಕೀಬೋರ್ಡಿನ ವೈರು ಕಿತ್ತು, ಸುತ್ತಿ, ಎರಡೂ ಹೋಳುಗಳನ್ನು ಬೆಂಚಿನ ಮೇಲಿನ ಚೌಕದೊಳಗೆ ನೇರವಾಗಿ ಇಟ್ಟಳು, ಪಾಠ ಮುಗಿದ ಮೇಲೆ ಯಂತ್ರವನ್ನು ಅದರ ಜಾಗಕ್ಕೆ ಸರಿಸಿಡುವ ರೂಢಿಯಂತೆ. ಒಡೆದ ಅರಗಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡು ಕಿಟಕಿಯಿಂದ ಹೊರಗೆ ಹಾಕಿದಳು.

"ತುಸು ಕುಂಡ್ರು ಅವ್ವಾ," ಎಂದರು ಮಾಸ್ತರರು. "ಚಾ ಹೇಳ್ತೀನಿ."

"ಇಲ್ರಿ. ಬಸ್ ಸ್ಟ್ಯಾಂಡಿಗಿ ಹೋಗಬೇಕು." ಅವಳು ಚಪ್ಪಲಿ ಮೆಟ್ಟಿಕೊಂಡಳು. "ಸ್ಕ್ರೂ ಭಾಳ ಸಣ್ಣವು. ಕತ್ತಲಾದ್ರ ಕಾಣಂಗಿಲ್ಲ."

ಅವಳು ಬಾಗಿಲನ್ನು ಎಳೆದು ಹೊರಗೆ ಹೆಜ್ಜೆ ಇಟ್ಟಳು, ಹಿಂದಿರುಗಿ ಹಿಡಿಯಲಿಲ್ಲ. ಮೆಟ್ಟಿಲ ಮೇಲಿನ ಸದ್ದು ಅರ್ಧ ದಾರಿ ಇಳಿಯುವವರೆಗೂ ಸ್ಪ್ರಿಂಗ್ ಬಾಗಿಲನ್ನು ಹಿಡಿದುಕೊಂಡೇ ಇತ್ತು. ಆಮೇಲೆ, ಹೊರಗಿನ ಬೆಳಕಿನ ಪಟ್ಟಿಯನ್ನು ಬೆಂಚಿನ ಮೇಲಿಂದ ಒಂದೊಂದೇ ಚೌಕ ಹಿಂದೆಗೆದುಕೊಳ್ಳುತ್ತ, ಸದ್ದಿಲ್ಲದೆ ಮುಚ್ಚಿತು.